ತುಂಬಿಟ್ಟ ಮ್ಯಾಗಜಿನ್: ಸ್ಪ್ರಿಂಗ್ ಸಾಯ್ತದೇನು?

ಗುಂಡು ತುಂಬಿದ ಮ್ಯಾಗಜಿನ್ ವರ್ಷಗಟ್ಟಲೆ ಹಂಗ ಇಟ್ರ ಸ್ಪ್ರಿಂಗ್ ಸಾಯ್ತದೇನ್ರಿ? ಬಾಡಗಂಡಿ, ಬೀಳಗಿ ಕಡೆ ಬಂದೂಕಿನ ಲೈಸೆನ್ಸ್ ಇದ್ದವರಿಗೂ, ಮಾಜಿ ಸೈನಿಕರಿಗೂ ಇದು ಮುಗೀದ ವಾದ.

ಛಲೋ ಉಕ್ಕಿನ ಸ್ಪ್ರಿಂಗ್ ಆದ್ರ ಸುಮ್ನ ಒತ್ತಿಟ್ಟಿದ್ದಕ್ಕ ಸಾಯೂದಿಲ್ಲ. ತಂತಿ ಬಗ್ಗಿಸಿ ಇಟ್ರ ಮುರಿಯೂದಿಲ್ಲ. ಬಗ್ಗಿಸಿ, ನೆಟ್ಟಗ ಮಾಡಿ, ಮತ್ತ ಬಗ್ಗಿಸಿದ್ರ ಮುರೀತದ. ಇದೂ ಹಂಗ. ತುಂಬೂದು, ಖಾಲಿ ಮಾಡೂದು, ಇದರಾಗ ಅದು ದಣೀತದ.

ಖರೇ ಚಿಂತಿ ಬ್ಯಾರೇದ ಅದ: ಮ್ಯಾಗಜಿನ್ ಬಾಯಿ. ಮ್ಯಾಲಿನ ಗುಂಡನ್ನ ಹಿಡಿದಿಡೂದು ಆ ಎರಡು ಅಂಚು. ತುಂಬಿಟ್ಟಷ್ಟು ದಿನಾನೂ ಕೆಳಗಿನ ಒತ್ತಡ ಅವುಗಳ ಮ್ಯಾಲೇ. ತಗಡು ಆದ್ರ ತಡಕೊಂತದ, ಹಗುರ ಪ್ಲಾಸ್ಟಿಕ್ ಆದ್ರ ಅಗಲ ಆಗಬಹುದು, ಸೀಳಬಹುದು. ನಮ್ಮ ಸೈನ್ಯದ ಇನ್ಸಾಸ್ ರೈಫಲ್ಲಿಗೆ 20 ಗುಂಡಿನ ಪ್ಲಾಸ್ಟಿಕ್ ಮ್ಯಾಗಜಿನ್. 1999ರ ಕಾರ್ಗಿಲ್ ಚಳಿಯಾಗ ಅವು ಸೀಳಿದ ದೂರು ಬಂದಿದ್ವು.

ನಮ್ಮ ಕಡೆ ಚಳಿ ಎಲ್ಲೀದು! ಇಲ್ಲಿ ಬ್ಯಾಸಗಿ. ತಗಡಿನ ಮನಿಯಾಗ, ಟ್ರಂಕಿನಾಗ ಇಟ್ರ ಸ್ಪ್ರಿಂಗಿಗಿಂತ ಮೊದಲು ಗುಂಡಿನ ಮದ್ದು ಕೆಡ್ತದ. ತಂಪು, ಒಣ ಜಾಗ ಬೇಕು.

ಆಯುಧ ಒಪ್ಪಿಸ್ರಿ ಅಂದಿದ್ದಕ್ಕ 1857ರಾಗ ಹಲಗಲಿ ಬೇಡರು ಬಂಡೆದ್ದ ಸೀಮಿ ಇದು. ಈಗ ಚುನಾವಣಿ ಬಂತಂದ್ರ ಲೈಸೆನ್ಸ್ ಬಂದೂಕು ಠಾಣೆಗೆ ಜಮಾ ಮಾಡಾಕ ಆದೇಶ ಬರ್ತದ. ಹೋಗೂಮುಂದ .315 ರೈಫಲ್ಲಿನ ಮ್ಯಾಗಜಿನ್ ಖಾಲಿ ಮಾಡ್ರಿ. ಆಮ್ಯಾಲ ಬೋಲ್ಟ್ ಎಳೆದು ನಳಿಗೆಯ ಹಿಂಭಾಗ ಕಣ್ಣಿಲೆ ನೋಡ್ರಿ. ಮ್ಯಾಗಜಿನ್ ಖಾಲಿ ಇದ್ರೂ ಅಲ್ಲೊಂದು ಗುಂಡು ಕುಂತಿರಬಹುದು.