ಹರಿಗೋಲಿನ ಅಂಚು ಎಷ್ಟು ಮೇಲಿದೆ?

ಹುಲಿಹೈದರ, ಕನಕಗಿರಿ ಕಡೆಯ ಹೊಲಗಳವರಿಗೆ ದೋಣಿ ದಿನಬಳಕೆಯ ವಸ್ತುವಲ್ಲ. ಗಂಗಾವತಿ ದಾಟಿ ಆನೆಗೊಂದಿಗೆ ಹೋದರೆ ಮಾತು ಬೇರೆ. ಅಲ್ಲಿ ತುಂಗಭದ್ರೆಯ ಮೇಲೆ ಹರಿಗೋಲು ಇಂದಿಗೂ ಕಾಣುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ ಇದ್ದ ಈ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಅವು ಸುತ್ತುತ್ತಲೇ ಸಾಗುತ್ತವೆ ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಉದ್ದನೆಯ ದೋಣಿಯ ಮೈ ತಿರುಗುವಿಕೆಯನ್ನು ತಡೆಯುತ್ತದೆ. ದುಂಡು ತಳಕ್ಕೆ ಆ ತಡೆಯಿಲ್ಲ. ಅದಕ್ಕೇ ಅಂಬಿಗ ಪಕ್ಕಕ್ಕೆ ಹುಟ್ಟು ಹಾಕದೆ, ಎದುರಿಗೆ ಹಾಕಿ ನೀರನ್ನು ತನ್ನತ್ತ ಎಳೆಯುತ್ತಾನೆ.

ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಹೊಸದಾಗಿ ಹರಿಗೋಲು ಕೊಳ್ಳುವವರು ಮೊದಲು ಕೇಳುವುದು ಎಷ್ಟು ಮಂದಿ ಕೂರಬಹುದು ಎಂದು. ಅದಕ್ಕೆ ನದಿಯೇ ಲೆಕ್ಕ ಕೊಡುತ್ತದೆ. ಎರಡೂವರೆ ಮೀಟರ್ ಅಗಲದ ಹರಿಗೋಲಿನ ತಳ ಸಪಾಟೆಂದುಕೊಳ್ಳಿ. ವಿಸ್ತೀರ್ಣ ಸುಮಾರು 4.9 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಮುಳುಗಿದರೆ 49 ಲೀಟರ್ ನೀರು ಸರಿಯುತ್ತದೆ, ಅಂದರೆ 49 ಕೆ.ಜಿ. ಭಾರ ಹೊತ್ತಂತಾಯಿತು. ಸರಾಸರಿ ಒಬ್ಬ ಮನುಷ್ಯ ಹತ್ತಿದರೆ ಅಂಚು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತದೆ. ಹತ್ತು ಜನ ಹತ್ತಿದರೂ ಒಂದು ಗೇಣು ಇಳಿಯದಲ್ಲ ಎಂಬ ಧೈರ್ಯ ಬರುವುದು ಇಲ್ಲಿಯೇ, ಮೋಸವಿರುವುದೂ ಇಲ್ಲಿಯೇ. ಈ ಲೆಕ್ಕ ಎಲ್ಲರೂ ಹರಡಿ ಕುಳಿತಾಗ ಮಾತ್ರ ಸರಿ. ಫೋಟೋಗೆಂದು ನಾಲ್ವರು ಎದ್ದು ಒಂದೇ ಬದಿಗೆ ಬಂದರೆ ಆ ಬದಿಯ ಅಂಚೊಂದೇ ಇಳಿಯುತ್ತದೆ.

ಇನ್ನೂ ಕೆಟ್ಟದ್ದು ತಳದಲ್ಲಿ ನಿಂತ ನೀರು. ಸೋರಿದ ನೀರು ನಾಲ್ಕು ಸೆಂಟಿಮೀಟರ್ ನಿಂತರೆ ಸುಮಾರು 200 ಲೀಟರ್, ಅಂದರೆ ಮೂವರ ತೂಕ. ಮನುಷ್ಯರಾದರೆ ಹೇಳಿದಲ್ಲಿ ಕೂರುತ್ತಾರೆ. ನೀರು ಮಾತ್ರ ದೋಣಿ ವಾಲಿದ ಕಡೆಗೇ ಓಡಿ, ವಾಲಿದ್ದನ್ನು ಮತ್ತಷ್ಟು ವಾಲಿಸುತ್ತದೆ. ಆದ್ದರಿಂದ ನೀರು ಮೊಗೆಯಲು ಒಂದು ಡಬ್ಬಿ ಹರಿಗೋಲಿನಲ್ಲಿ ಸದಾ ಇರಬೇಕು.

ಸೋರಿಕೆ ಶುರುವಾಗುವುದು ದಡದಲ್ಲೇ. ಬಂಡೆಯ ಮೇಲೆ ಎಳೆದರೆ ತಳ ತರಚುತ್ತದೆ, ಬಿಸಿಲಿಗೆ ಡಾಂಬರು ಬಿರಿಯುತ್ತದೆ, ಒದ್ದೆಯಾಗಿಯೇ ಉಳಿದ ಹೆಣಿಗೆಯ ಬಿದಿರು ಕೊಳೆಯುತ್ತದೆ. ಹೊತ್ತು ತಂದು ಬೋರಲು ಹಾಕಿ, ನೆರಳಲ್ಲಿ ಆರಲು ಬಿಡಿ. ಅಂಚಿನ ಬಿದಿರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ ಆ ದಿನ ಜನರನ್ನು ಹತ್ತಿಸಬೇಡಿ.

ಲೈಫ್ ಜಾಕೆಟ್ ವಿಷಯದಲ್ಲಿ ನನ್ನದು ಹಟದ ಮಾತು. ನೀರಿಗೆ ಬಿದ್ದವರ ಬಹುಪಾಲು ತೂಕವನ್ನು ನೀರೇ ಹೊರುತ್ತದೆ. ಮೂಗು ಬಾಯಿ ಮೇಲಿರಲು ವಯಸ್ಕರಿಗೆ ಬೇಕಾದ ಹೆಚ್ಚಿನ ಆಸರೆ 3ರಿಂದ 5 ಕೆ.ಜಿ. ಮಾತ್ರ. ಅಷ್ಟು ಸಣ್ಣ ಆಸರೆಯನ್ನು ಈಜು ಬರುತ್ತದೆಂದು ದಡದಲ್ಲಿ ಬಿಟ್ಟುಹೋಗುವುದು ಸರಿಯಲ್ಲ. ಆನೆಗೊಂದಿ ಬಳಿ ನದಿಯ ನಡುಗಡ್ಡೆಯಲ್ಲಿರುವ ನವವೃಂದಾವನಕ್ಕೆ ಹೊರಟ ಭಕ್ತರಿಗಾದರೂ ಅಷ್ಟೇ, ಮಕ್ಕಳಿಗಾದರೂ ಅಷ್ಟೇ: ಪಟ್ಟಿ ಬಿಗಿದ ಮೇಲೆಯೇ ದೋಣಿ ಹೊರಡಬೇಕು.

ಜಾಕೆಟ್ ಇದ್ದರೂ ಹೊಳೆಯ ರಭಸವನ್ನು ಮರೆಯಬೇಡಿ. ಹರಿವಿನ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯೂಸೆಕ್ ನೀರು ಹೊರಬಿತ್ತು. ಸೆಕೆಂಡಿಗೆ ಹತ್ತಿರಹತ್ತಿರ 10 ಲಕ್ಷ ಲೀಟರ್. ಇಂಥ ನೀರು ಬಂಡೆಗಳ ನಡುವೆ ಸುಳಿಗಟ್ಟಿದರೆ ಹುಟ್ಟಿನ ಬಲ ಸಾಲದು. ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿ ಬಂದ ದಿನ ಹರಿಗೋಲನ್ನು ದಡದಿಂದ ದೂರ, ಎತ್ತರದ ಜಾಗಕ್ಕೆ ಹೊತ್ತೊಯ್ದು ಮರಕ್ಕೆ ಕಟ್ಟಿಬಿಡಿ.