ಡಾಕ್ಟರೇಟಿನ ಮುಂದಣ ವಿಜ್ಞಾಪನೆ

ಮನೆಯಲ್ಲಿ ಮಗನೋ ಮಗಳೋ ಡಾಕ್ಟರೇಟು ಪದವಿಯನ್ನು ಪಡೆದರೆಂದೊಡನೆ, ಅಂತೂ ವಿದ್ಯಾಭ್ಯಾಸವು ಮುಗಿಯಿತೆಂದು ಹಿರಿಯರು ನೆಮ್ಮದಿಯ ಉಸಿರು ಬಿಡುವರು. ಆದರೆ ಸಂಶೋಧನೆಯನ್ನೇ ಜೀವನವೃತ್ತಿಯಾಗಿ ಮಾಡಿಕೊಳ್ಳಬೇಕೆಂಬವರಿಗೆ ಅಲ್ಲಿಂದ ಮುಂದೆ ಇನ್ನೊಂದು ಮೆಟ್ಟಿಲುಂಟು. ಅದಕ್ಕೆ ಪೋಸ್ಟ್‌ಡಾಕ್ಟರಲ್ ಫೆಲೋಷಿಪ್ಪೆಂದು ಹೆಸರು. ಇದು ವಿದ್ಯಾರ್ಥಿವೇತನವಲ್ಲ, ಖಾಯಂ ಉದ್ಯೋಗವೂ ಅಲ್ಲ. ಪದವೀಧರನು ತಾನೇ ಆರಿಸಿಕೊಂಡ ಪ್ರಶ್ನೆಯೊಂದನ್ನು, ಬಲ್ಲ ಹಿರಿಯರೊಬ್ಬರ ಆಶ್ರಯದಲ್ಲಿ, ಗೊತ್ತಾದ ಅವಧಿಯೊಳಗೆ ಶೋಧಿಸಲು ದೊರೆಯುವ ಸಂಬಳಸಹಿತವಾದ ಅವಕಾಶ. ಇದು ದೊರೆಯದೆ ಹೋದುದರಿಂದ, ಏಳೆಂಟು ವರ್ಷ ಬೆಳೆಸಿದ ವಿದ್ಯೆಯನ್ನು ಬದಿಗಿಟ್ಟು ಬೇರೆ ಕೆಲಸಕ್ಕೆ ಹೋದವರನ್ನು ನಾವು ಬಲ್ಲೆವು. ಅವರಲ್ಲಿ ಕೆಲವರಿಗೆ ಕೊರತೆಯಾಗಿದ್ದುದು ಬುದ್ಧಿಯಲ್ಲ, ಹತ್ತು ಪುಟಗಳ ಒಂದು ಬರೆಹ.

ಹತ್ತು ಪುಟವೆಂದುದು ಬರಿಯ ಮಾತಲ್ಲ. ಯೂರೋಪಿನ ಒಕ್ಕೂಟವು ಮರೀ ಸ್ಕ್ಲೊಡೋವ್‌ಸ್ಕಾ ಕ್ಯೂರಿ ಎಂಬ ವಿದುಷಿಯ ಹೆಸರಿನಲ್ಲಿ ಕೊಡುವ ಫೆಲೋಷಿಪ್ಪನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಇದಕ್ಕೆ ಯಾವ ದೇಶದವರಾದರೂ ಅರ್ಜಿ ಹಾಕಬಹುದು. ೨೦೨೪ರ ಕರೆಗೆ ೧೦,೩೬೦ ಅರ್ಜಿಗಳು ಬಂದು ೧,೬೯೬ ಮಂದಿಗೆ ಫಲ ದೊರೆಯಿತು. ಎಂದರೆ ನೂರಕ್ಕೆ ಸುಮಾರು ಹದಿನಾರು. ಆ ವರ್ಷದ ನಿಯಮದಂತೆ ಮುಖ್ಯ ಪ್ರಸ್ತಾಪವು ಹತ್ತು ಪುಟಗಳನ್ನು ಮೀರಕೂಡದು. ಅದನ್ನು ಕನಿಷ್ಠ ಮೂವರು ತಜ್ಞರು ಓದಿ, ಉತ್ಕೃಷ್ಟತೆಗೆ ಶೇಕಡ ೫೦, ಫಲಕ್ಕೆ ೩೦, ಕಾರ್ಯನಿರ್ವಹಣೆಗೆ ೨೦ ಎಂಬ ತೂಕದಲ್ಲಿ ಬೆಲೆ ಕಟ್ಟುವರು. (ಪ್ರಸಂಗವಶಾತ್ ಒಂದು ಮಾತು: ೧೮೯೩ರಲ್ಲಿ ಈ ವಿದುಷಿಯು ಪ್ಯಾರಿಸಿನಲ್ಲಿ ಬಡ ವಿದ್ಯಾರ್ಥಿನಿಯಾಗಿದ್ದಾಗ ೬೦೦ ರೂಬಲ್ಲುಗಳ ವೇತನವೊಂದು ದೊರೆತು ಓದು ಮುಂದುವರಿಯಿತು. ಕೈಗೆ ಸಂಪಾದನೆ ಬಂದ ಮೇಲೆ, ಯಾರೂ ಕೇಳದಿದ್ದರೂ, ಆಕೆ ಆ ಹಣವನ್ನು ಹಿಂದಿರುಗಿಸಿದರು.)

ಇಂಥ ಬರೆಹದಲ್ಲಿ ಏನಿರಬೇಕು? ನಮ್ಮ ಶಾಸ್ತ್ರಕಾರರು ಗ್ರಂಥಾರಂಭದಲ್ಲಿ ನಾಲ್ಕನ್ನು ಹೇಳತಕ್ಕದ್ದೆಂದು ವಿಧಿಸಿದ್ದಾರೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಅಧಿಕಾರಿಯೆಂದರೆ ಇಲ್ಲಿ ಕಚೇರಿಯ ದೊರೆಯಲ್ಲ, ಆ ವಿದ್ಯೆಗೆ ಯೋಗ್ಯತೆಯುಳ್ಳವನು. ಬ್ರಸೆಲ್ಸಿನ ಪರೀಕ್ಷಕರೂ ಹೆಚ್ಚುಕಡಮೆ ಇವನ್ನೇ ಕೇಳುತ್ತಿದ್ದಾರೆಂಬುದನ್ನು ಕಂಡು ನಮಗೆ ಸಂತೋಷವಾಯಿತು.

ವಿಷಯವನ್ನು ಹೇಳುವಾಗ ಹೆಚ್ಚಿನವರು ಬಹಳ ದೂರದಿಂದ ನಡೆದು ಬರುತ್ತಾರೆ. ರಾಗಿಯ ಬೇರಿನ ಮೇಲೆ ಕೆಲಸ ಮಾಡುವವನೊಬ್ಬನಿದ್ದಾನೆಂದು ಇಟ್ಟುಕೊಳ್ಳೋಣ. ಲೋಕದ ಹಸಿವು, ಹವೆಯ ವೈಪರೀತ್ಯ, ಸಿರಿಧಾನ್ಯಗಳ ಮಹಿಮೆ ಎಂದು ಒಂದೂವರೆ ಪುಟ ಹರಿದ ಮೇಲೆ ಅವನ ಪ್ರಶ್ನೆಯು ತಲೆಯೆತ್ತುವುದು. ಅಷ್ಟರೊಳಗೆ ಓದುಗನು ದಣಿದಿರುವನು. ಅವನ ಮುಂದೆ ಇಂಥವೇ ಇನ್ನಷ್ಟು ಕಟ್ಟುಗಳಿವೆ, ಅವನು ರಾಗಿಯನ್ನು ಬಲ್ಲವನೇ ಆಗಿರಬೇಕೆಂಬ ನಿಯಮವೂ ಇಲ್ಲ. ಅದಕ್ಕೆ ಬದಲಾಗಿ, ‘ಮಳೆ ಮೂರು ವಾರ ತಡವಾದಾಗ ಕೆಲವು ರಾಗಿ ತಳಿಗಳ ಬೇರು ಆಳಕ್ಕಿಳಿಯುತ್ತದೆ, ಕೆಲವುದರದು ಇಳಿಯುವುದಿಲ್ಲ, ಈ ಭೇದಕ್ಕೆ ಕಾರಣವೇನೆಂಬುದನ್ನು ಇಂಥ ಪರೀಕ್ಷೆಯಿಂದ ನಿರ್ಣಯಿಸುವೆನು’ ಎಂದು ಮೊದಲ ಹತ್ತು ಸಾಲಿನೊಳಗೆ ಬರೆದರೆ, ವಿಷಯವೂ ತಿಳಿಯಿತು, ಹಾದಿಯೂ ತಿಳಿಯಿತು. ಹಸಿವಿನ ಮಾತು ಪ್ರಯೋಜನದ ಭಾಗಕ್ಕೆ ಹೋಗಲಿ. ಅಲ್ಲಿಯೂ ಲೋಕವನ್ನೇ ಉದ್ಧರಿಸುವೆನೆನ್ನದೆ, ಫಲವು ಯಾವ ತಳಿಗಾರರ ಕೈಗೆ ಯಾವ ರೂಪದಲ್ಲಿ ತಲಪುವುದೆಂಬುದನ್ನು ಹೇಳಲಿ.

ಆದರೆ ಅರ್ಜಿಗಳು ಸೋಲುವುದು ಬಹುಮಟ್ಟಿಗೆ ಮೂರನೆಯದಾದ ಸಂಬಂಧದಲ್ಲಿ ಎಂಬುದು ನಮ್ಮ ಅಭಿಪ್ರಾಯ. ಶಾಸ್ತ್ರದಲ್ಲಿ ಇದು ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟು. ನಾವು ಸ್ವಲ್ಪ ಹಿಗ್ಗಿಸಿ, ಈ ವ್ಯಕ್ತಿ, ಈ ಪ್ರಶ್ನೆ, ಈ ಸ್ಥಳ, ಮೂರಕ್ಕೂ ಇರುವ ನಂಟೆಂದು ಹೇಳುತ್ತೇವೆ. ನಮ್ಮಲ್ಲಿ ಓದಿದ ಒಬ್ಬಾಕೆ ಒಮ್ಮೆ ತನ್ನ ಕರಡನ್ನು ತಂದು ತೋರಿಸಿದಳು. ಹೋಗಬೇಕೆಂದಿದ್ದ ಸಂಸ್ಥೆಯು ಜಗತ್ಪ್ರಸಿದ್ಧವಾದುದು, ಅಲ್ಲಿನ ಆಚಾರ್ಯರು ಅಗ್ರಗಣ್ಯರು ಎಂದೆಲ್ಲ ಸೊಗಸಾಗಿ ಬರೆದಿತ್ತು. ‘ಊರಿನ ಹೆಸರನ್ನು ಹೊಡೆದು ಬೇರೊಂದು ಊರನ್ನು ಬರೆದರೆ ಈ ವಾಕ್ಯ ಸುಳ್ಳಾಗುವುದೇ?’ ಎಂದು ಕೇಳಿದೆವು. ಆಗುವುದಿಲ್ಲವೆಂದಳು. ಹಾಗಾದರೆ ಆ ವಾಕ್ಯದಿಂದೇನು ಪ್ರಯೋಜನ? ಆ ಆಚಾರ್ಯರಲ್ಲಿರುವ ಯಾವ ವಿಧಾನವು ತನಗೆ ಬಾರದು, ತನ್ನಲ್ಲಿರುವ ಯಾವ ಕೌಶಲವು ಅಲ್ಲಿ ಇಲ್ಲ, ಎರಡೂ ಕೂಡಿದಲ್ಲದೆ ಈ ಪ್ರಶ್ನೆ ಏಕೆ ಬಿಡದು ಎಂಬಿಷ್ಟನ್ನು ಆಕೆ ಮರುವಾರ ಆರು ಸಾಲಿನಲ್ಲಿ ಬರೆದು ತಂದಳು. ಹೊಗಳಿಕೆಯೆಲ್ಲ ತಾನಾಗಿ ಉದುರಿಹೋಗಿತ್ತು. ಇಷ್ಟು ಸ್ಪಷ್ಟವಾಗಬೇಕಾದರೆ ಆ ಹಿರಿಯರಿಗೆ ನಾಲ್ಕೈದು ತಿಂಗಳು ಮುಂಚೆಯೇ ಪತ್ರ ಬರೆದು, ಕರಡನ್ನು ಅವರೊಡನೆ ತಿದ್ದಿರಬೇಕು. ಕೊನೆಯ ವಾರದಲ್ಲಿ ಒಪ್ಪಿಗೆ ಬೇಡುವವನಿಗೆ ಒಪ್ಪಿಗೆಯಷ್ಟೇ ದೊರೆಯುವುದು.

ಇನ್ನು ಕಾರ್ಯನಿರ್ವಹಣೆ. ತಿಂಗಳು ತಿಂಗಳಿಗೆ ಏನು ನಡೆಯುವುದೆಂಬ ಪಟ್ಟಿಯನ್ನು ಎಲ್ಲರೂ ಕೊಡುವರು. ಕೆಟ್ಟರೆ ಏನು ಗತಿಯೆಂಬುದನ್ನು ಮರೆಯುವರು. ಪೂರ್ವಪಕ್ಷವನ್ನು ತಾನೇ ಎತ್ತಿ ತಾನೇ ಉತ್ತರಿಸುವುದು ನಮ್ಮ ಹಳೆಯ ಪದ್ಧತಿ. ಬೀಜ ಮೊಳೆಯದಿದ್ದರೆ, ಯಂತ್ರ ದೊರೆಯದಿದ್ದರೆ, ಮೊದಲ ಊಹೆಯೇ ತಪ್ಪಾದರೆ ಏನು ಮಾಡುವನೆಂಬುದನ್ನು ಬರೆದವನಲ್ಲಿ ಓದುಗನಿಗೆ ವಿಶ್ವಾಸ ಹುಟ್ಟುವುದು.

ಮನೆಯವರು ತಿಳಿದಿರಬೇಕಾದುದು ಕಾಲದ ಲೆಕ್ಕ. ೨೦೨೪ರ ನಿಯಮದಲ್ಲಿ ಡಾಕ್ಟರೇಟಿನ ತರುವಾಯದ ಸಂಶೋಧನಾನುಭವ ಎಂಟು ವರ್ಷವನ್ನು ಮೀರಕೂಡದೆಂದಿತ್ತು. ಹಿಂದಣ ೩೬ ತಿಂಗಳಲ್ಲಿ ೧೨ಕ್ಕಿಂತ ಹೆಚ್ಚು ತಿಂಗಳು, ಹೋಗಲಿರುವ ದೇಶದಲ್ಲಿಯೇ ನೆಲಸಿರಕೂಡದೆಂದೂ ಇತ್ತು. ಹೆರಿಗೆ, ಶಿಶುಪೋಷಣೆಗಳಿಗಾಗಿ ಕೆಲಸ ಬಿಟ್ಟಿದ್ದ ಕಾಲವು ಆ ಎಂಟರಲ್ಲಿ ಸೇರದು. ಇದನ್ನರಿಯದೆ, ತನ್ನ ಕಾಲ ಕಳೆಯಿತೆಂದು ಸುಮ್ಮನಾದ ತಾಯಂದಿರು ನಮ್ಮ ವಾಚಕರ ಮನೆಗಳಲ್ಲಿಯೂ ಇರಬಹುದು. ಅವರು ಇನ್ನೊಮ್ಮೆ ಲೆಕ್ಕ ಹಾಕಿ ನೋಡಲಿ. ನಿಯಮಗಳು ಕರೆಯಿಂದ ಕರೆಗೆ ಬದಲಾಗುವುದುಂಟಾದುದರಿಂದ ಆಯಾ ವರ್ಷದ ಪ್ರಕಟನೆಯನ್ನೇ ಪ್ರಮಾಣವಾಗಿಟ್ಟುಕೊಳ್ಳತಕ್ಕದ್ದು.

ಫಲ ಬಾರದಿದ್ದರೆ ಪರೀಕ್ಷಕರ ಟಿಪ್ಪಣಿ ಬರುವುದು. ಅದನ್ನು ಮನೆಯವರೂ ಓದಲಿ. ೨೦೨೪ರಲ್ಲಿ ಶೇಕಡ ೮೫ ಅಥವಾ ಅದಕ್ಕೆ ಮೇಲ್ಪಟ್ಟು ಪಡೆದೂ ಹಣ ಸಾಲದೆ ಉಳಿದವರಿಗೆ ಉತ್ಕೃಷ್ಟತೆಯ ಮುದ್ರೆಯೊಂದನ್ನು ಕೊಟ್ಟರು; ಅದನ್ನು ತೋರಿಸಿ ಬೇರೆಡೆ ಧನಸಹಾಯ ಕೇಳಬಹುದು. ಹಿಂದಿನ ವರ್ಷ ೭೦ಕ್ಕಿಂತ ಕಡಮೆ ಬಂದವರು ಮಾತ್ರ ಅದೇ ಸಂಸ್ಥೆಯೊಡನೆ ಒಡನೆಯೇ ಮತ್ತೆ ಅರ್ಜಿ ಹಾಕುವಂತಿರಲಿಲ್ಲ. ಆದುದರಿಂದ ಅರೆಬೆಂದ ಪ್ರಸ್ತಾಪವನ್ನು ‘ನೋಡೋಣ’ ಎಂದು ಕಳುಹಿಸುವುದು ಜಾಣತನವಲ್ಲ.

ಆ ವರ್ಷದ ಗಡುವು ಸೆಪ್ಟೆಂಬರ್ ೧೧, ಬ್ರಸೆಲ್ಸಿನ ಸಂಜೆ ಐದು ಗಂಟೆ. ನಮ್ಮ ಗಡಿಯಾರದಲ್ಲಿ ರಾತ್ರಿ ಎಂಟೂವರೆ. ಒಮ್ಮೆ ಸಲ್ಲಿಸಿದ್ದನ್ನು ಗಡುವಿನವರೆಗೂ ತಿದ್ದಿ ಮತ್ತೆ ಸಲ್ಲಿಸಬಹುದಾದುದರಿಂದ ಎರಡು ದಿನ ಮುಂಚೆಯೇ ಒಂದು ಪ್ರತಿಯನ್ನು ಸೇರಿಸಿಬಿಡುವುದು ಲೇಸು. ಅಂದಿನ ರಾತ್ರಿಯೂಟಕ್ಕೆ ದಯವಿಟ್ಟು ನೆಂಟರನ್ನು ಕರೆಯಬೇಡಿರಿ.