ಸ್ಪ್ಯಾನಿಷ್ ಭಾಷೆಯ ನಿಯತ ಕ್ರಿಯಾಪದಗಳು: ಕಾಲರೂಪಗಳ ವಿವೇಚನೆ

ಸ್ಪ್ಯಾನಿಷ್ ಭಾಷೆಯನ್ನು ಕಲಿಯತೊಡಗಿದ ವಿದ್ಯಾರ್ಥಿಗೆ ಮೊದಲ ಕೆಲವು ವಾರಗಳಲ್ಲಿಯೇ ಎದುರಾಗುವುದು ಕ್ರಿಯಾರೂಪಗಳ ಪಟ್ಟಿ. ನಿಶ್ಚಯಾರ್ಥದಲ್ಲಿ ಒಂದೇ ಪದವಾಗಿ ನಿಲ್ಲುವ ಸರಳ ಕಾಲಗಳು ಐದು; ಪ್ರತಿಯೊಂದಕ್ಕೂ ಮೂರು ಪುರುಷ, ಎರಡು ವಚನಗಳಂತೆ ಆರು ರೂಪಗಳು. ಹೀಗೆ ಒಂದು ಧಾತುವಿಗೆ ೩೦, ಮೂರು ಗಣಗಳಿಗೆ ೯೦ ರೂಪಗಳಾಗುತ್ತವೆ. ಸಂಭಾವನಾರ್ಥ, ವಿಧ್ಯರ್ಥ ಮತ್ತು ಸಂಯುಕ್ತ ಕಾಲಗಳನ್ನು ಸೇರಿಸಿದರೆ ಸಂಖ್ಯೆ ಇನ್ನೂ ಬೆಳೆಯುತ್ತದೆ. ಇವನ್ನು ಕಂಠಪಾಠ ಮಾಡುವುದೇ ಕಲಿಕೆಯೆಂಬ ಭಾವನೆ ಬಲವಾಗಿದೆ. ಇಂಗ್ಲಿಷಿನ ಮೂಲಕ ಈ ಭಾಷೆಯನ್ನು ಕಲಿಯುವ ಕನ್ನಡ ವಿದ್ಯಾರ್ಥಿಗೆ ಇನ್ನೊಂದು ತೊಡಕೂ ಉಂಟು: ತನ್ನ ಮಾತಿನಲ್ಲಿಯೇ ಇರುವ ವ್ಯವಸ್ಥೆಯೊಂದನ್ನು, ಆ ವ್ಯವಸ್ಥೆ ಬಹುಮಟ್ಟಿಗೆ ಅಳಿದುಹೋಗಿರುವ ಮೂರನೆಯ ಭಾಷೆಯ ಮೂಲಕ ಅವನು ನೋಡಬೇಕಾಗುತ್ತದೆ.

ನಿಯತ ಕ್ರಿಯಾಪದವೆಂದರೆ ನೆನಪಿಡಬೇಕಾದ ಪಟ್ಟಿಯಲ್ಲ, ಬಿಡಿಸಿ ನೋಡಬಹುದಾದ ಒಂದು ರಚನೆ; ಕನ್ನಡದ ಆಖ್ಯಾತವನ್ನು ಬಲ್ಲವನಿಗೆ ಆ ರಚನೆಯ ಅರ್ಧಭಾಗ ಮೊದಲೇ ಪರಿಚಿತವಾದದ್ದು. ಈ ಮಾತನ್ನು ಪ್ರತಿಪಾದಿಸುವುದು, ಜೊತೆಗೆ ಕನ್ನಡದ ಅಭ್ಯಾಸ ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲಿಪ್ಯಂತರದ ಬಗೆಗೆ ಒಂದು ಮಾತು. ಸ್ಪ್ಯಾನಿಷಿನಲ್ಲಿ ಹ್ರಸ್ವದೀರ್ಘಗಳಿಂದ ಅರ್ಥಭೇದವಿಲ್ಲ. ಅರ್ಥವನ್ನು ಬೇರ್ಪಡಿಸುವುದು ಬಲಾಘಾತ. ಆದಕಾರಣ ಬಲಾಘಾತವಿರುವ ಸ್ವರವನ್ನು ಇಲ್ಲಿ ದೀರ್ಘವಾಗಿಯೂ ಉಳಿದವನ್ನು ಹ್ರಸ್ವವಾಗಿಯೂ ಬರೆದಿದ್ದೇವೆ. ಉಚ್ಚಾರಣೆಯಲ್ಲಿ ಲ್ಯಾಟಿನ್ ಅಮೆರಿಕದ ರೂಢಿಯನ್ನು ಅನುಸರಿಸಿದ್ದೇವೆ.

೧. ರೂಪದ ರಚನೆ

ಸ್ಪ್ಯಾನಿಷ್ ಧಾತುಗಳನ್ನು ಅವುಗಳ ತುಮುನ್ನಂತ ರೂಪದಿಂದ ಮೂರು ಗಣಗಳಾಗಿ ವಿಂಗಡಿಸುತ್ತಾರೆ. ‘ಅಬ್ಲಾರ್’ (ಮಾತಾಡು) ಮೊದಲನೆಯ ಗಣಕ್ಕೂ, ‘ಕೊಮೇರ್’ (ಉಣ್ಣು) ಎರಡನೆಯದಕ್ಕೂ, ‘ಸುಬೀರ್’ (ಏರು) ಮೂರನೆಯದಕ್ಕೂ ಸೇರಿವೆ. ಕೊನೆಯ ರಕಾರದ ಹಿಂದಿರುವ ಆ, ಏ, ಈ ಎಂಬ ಸ್ವರವೇ ಗಣದ ಗುರುತು. ಇದನ್ನು ನಾವು ಗಣಸ್ವರವೆಂದು ಕರೆಯುತ್ತೇವೆ. ಲ್ಯಾಟಿನ್ನಿನಲ್ಲಿದ್ದ ನಾಲ್ಕು ಗಣಗಳಲ್ಲಿ ಎರಡು ಕೂಡಿಹೋಗಿ ಸ್ಪ್ಯಾನಿಷಿನ ಎರಡನೆಯ ಗಣವಾಯಿತು. ಇಂದಿಗೂ ಹೊಸದಾಗಿ ಹುಟ್ಟುವ ಧಾತುಗಳೆಲ್ಲ ಸಾಮಾನ್ಯವಾಗಿ ಮೊದಲನೆಯ ಗಣವನ್ನೇ ಸೇರುತ್ತವೆ.

‘ಅಬ್ಲಾಬಮೊಸ್’ (ನಾವು ಮಾತಾಡುತ್ತಿದ್ದೆವು) ಎಂಬ ರೂಪವನ್ನು ಬಿಡಿಸಿದರೆ ನಾಲ್ಕು ಅಂಗಗಳು ದೊರೆಯುತ್ತವೆ: ‘ಅಬ್ಲ್’ ಎಂಬ ಧಾತು, ‘ಆ’ ಎಂಬ ಗಣಸ್ವರ, ‘ಬ’ ಎಂಬ ಕಾಲಪ್ರತ್ಯಯ, ‘ಮೊಸ್’ ಎಂಬ ಪುರುಷಪ್ರತ್ಯಯ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದ ಆಖ್ಯಾತ ಪ್ರಕರಣವನ್ನು ಓದಿದವರಿಗೆ ಈ ಕ್ರಮ ಹೊಸದಲ್ಲ. ಧಾತುವಿಗೂ ಪುರುಷಪ್ರತ್ಯಯಕ್ಕೂ ನಡುವೆ ಕಾಲಸೂಚಕ ಪ್ರತ್ಯಯ ಬರುವುದನ್ನು ನಾವು ‘ನೋಡಿದಂ’, ‘ನೋಡಿದಪಂ’, ‘ನೋಡುವಂ’ ಎಂಬಲ್ಲಿ ಕಂಡಿದ್ದೇವೆ. ಕನ್ನಡದಲ್ಲಿ ಇಲ್ಲದ್ದು ಗಣಸ್ವರವೊಂದೇ.

ಪುರುಷಪ್ರತ್ಯಯಗಳಲ್ಲಿ ಸ್ಥಿರವಾದವು ನಾಲ್ಕು: ‘ನೀನು’ ಎಂಬುದಕ್ಕೆ ಸ್, ‘ನಾವು’ ಎಂಬುದಕ್ಕೆ ಮೊಸ್, ‘ನೀವು’ ಎಂಬುದಕ್ಕೆ ಇಸ್, ‘ಅವರು’ ಎಂಬುದಕ್ಕೆ ನ್. ಪ್ರಥಮಪುರುಷ ಏಕವಚನಕ್ಕೆ ಪ್ರತ್ಯಯವೇ ಇಲ್ಲ. ‘ಅಬ್ಲಾರ್’ ಧಾತುವಿನ ವರ್ತಮಾನ ರೂಪಗಳು ಹೀಗಿವೆ:

ನಾನು: ಆಬ್ಲೊ, ನಾವು: ಅಬ್ಲಾಮೊಸ್
ನೀನು: ಆಬ್ಲಸ್, ನೀವು: ಅಬ್ಲಾಯ್ಸ್
ಅವನು, ಅವಳು, ಅದು: ಆಬ್ಲ, ಅವರು, ಅವು: ಆಬ್ಲನ್

‘ಕೊಮೇರ್’ ಧಾತುವಿಗೆ ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೊಮೇಯ್ಸ್, ಕೋಮೆನ್ ಎಂದೂ, ‘ಸುಬೀರ್’ ಧಾತುವಿಗೆ ಸೂಬೊ, ಸೂಬೆಸ್, ಸೂಬೆ, ಸುಬೀಮೊಸ್, ಸುಬೀಸ್, ಸೂಬೆನ್ ಎಂದೂ ರೂಪಗಳಾಗುತ್ತವೆ. ವರ್ತಮಾನದಲ್ಲಿ ಈ ಎರಡು ಗಣಗಳಿಗೆ ಭೇದವಿರುವುದು ‘ನಾವು’, ‘ನೀವು’ ಎಂಬ ಎರಡು ಸ್ಥಾನಗಳಲ್ಲಿ ಮಾತ್ರ. ಭೂತಕಾಲಗಳಲ್ಲಿ ಅಷ್ಟೂ ಇಲ್ಲ. ಮೂರು ಪಟ್ಟಿಗಳೆಂದು ತೋರಿದ್ದು ವಾಸ್ತವವಾಗಿ ಎರಡೇ.

ಪುರುಷವು ಕ್ರಿಯಾಪದದಲ್ಲಿಯೇ ಅಡಗಿರುವುದರಿಂದ ಕರ್ತೃಪದವನ್ನು ಬಿಡುವುದು ಸ್ಪ್ಯಾನಿಷಿನಲ್ಲಿ ಸಹಜ. ‘ನಾಳೆ ಬರುತ್ತೇನೆ’ ಎನ್ನುವ ಕನ್ನಡಿಗನಿಗೆ ಇದನ್ನು ಕಲಿಸಬೇಕಾಗಿಲ್ಲ. ಇಂಗ್ಲಿಷಿನ ಮೂಲಕ ಬಂದವನು ಮಾತ್ರ ಪ್ರತಿ ವಾಕ್ಯಕ್ಕೂ ಒಂದು ‘ನಾನು’ ಸೇರಿಸುತ್ತಾನೆ. ಆದರೆ ಎಚ್ಚರ ಬೇಕಾದುದು ಲಿಂಗದಲ್ಲಿ. ಕನ್ನಡದ ‘ಮಾತಾಡಿದನು, ಮಾತಾಡಿದಳು, ಮಾತಾಡಿತು’ ಎಂಬ ಮೂರಕ್ಕೂ ಸ್ಪ್ಯಾನಿಷಿನಲ್ಲಿ ‘ಅಬ್ಲೋ’ ಎಂಬುದೊಂದೇ ರೂಪ. ‘ತಾವು’ ಎಂಬುದಕ್ಕೆ ಸಮನಾದ ‘ಉಸ್ತೇದ್’ ಎಂಬ ಗೌರವಪದವೂ ಪ್ರಥಮಪುರುಷದ ರೂಪವನ್ನೇ ಪಡೆಯುತ್ತದೆ. ಏಕೆಂದರೆ ‘ತಮ್ಮ ಕೃಪೆ’ ಎಂಬರ್ಥದ ‘ಬ್ವೇಸ್ತ್ರ ಮೆರ್ಸೇದ್’ ಎಂಬ ಸಂಬೋಧನೆಯಿಂದ ಅದು ಹುಟ್ಟಿದೆ. ಕರ್ತೃಪದವಿಲ್ಲದ ‘ಅಬ್ಲೋ’ ಎಂಬುದನ್ನು ಕನ್ನಡಿಸುವವನು ಹಿಂದಿನ ವಾಕ್ಯಗಳನ್ನು ನೋಡದೆ ಲಿಂಗವನ್ನು ನಿರ್ಧರಿಸುವಂತಿಲ್ಲ.

ದೇಶಭೇದದಿಂದಲೂ ಪಟ್ಟಿ ಹಗುರವಾಗುತ್ತದೆ. ಮೇಲಣ ‘ನೀವು’ ರೂಪ ಬಳಕೆಯಲ್ಲಿರುವುದು ಮುಖ್ಯವಾಗಿ ಸ್ಪೇನಿನಲ್ಲಿ. ಅಮೆರಿಕದ ದೇಶಗಳಲ್ಲಿ ಆ ಸ್ಥಾನದಲ್ಲಿ ‘ಉಸ್ತೇದೆಸ್’ ಎಂಬ ಪದವನ್ನು ‘ಅವರು’ ರೂಪದೊಡನೆ ಬಳಸುತ್ತಾರೆ. ಆರ್ಜೆಂಟೀನ, ಉರುಗ್ವೇ ಮೊದಲಾದೆಡೆ ‘ನೀನು’ ಎಂಬುದಕ್ಕೆ ‘ಬೋಸ್’ ಎಂಬ ಸರ್ವನಾಮವಿದ್ದು, ‘ಆಬ್ಲಸ್’ ಬದಲಿಗೆ ‘ಅಬ್ಲಾಸ್’ ಎನ್ನುತ್ತಾರೆ.

೨. ಎರಡು ಭೂತಕಾಲಗಳು

ವಿದ್ಯಾರ್ಥಿಗಳು ಹೆಚ್ಚು ತಡವರಿಸುವುದು ಇಲ್ಲಿಯೇ. ತಪ್ಪಿದರೆ ವಾಕ್ಯದ ಅರ್ಥವೇ ತಪ್ಪುವುದೂ ಇಲ್ಲಿಯೇ. ಸ್ಪ್ಯಾನಿಷಿನ ಸರಳ ಭೂತಕಾಲಗಳು ಎರಡು. ಮುಗಿದುದನ್ನು ಮುಗಿದುದಾಗಿ ಹೇಳುವ ಸಮಾಪ್ತ ಭೂತ ಒಂದು: ಅಬ್ಲೇ, ಅಬ್ಲಾಸ್ತೆ, ಅಬ್ಲೋ, ಅಬ್ಲಾಮೊಸ್, ಅಬ್ಲಾಸ್ತೆಯ್ಸ್, ಅಬ್ಲಾರೊನ್. ಉಳಿದ ಎರಡು ಗಣಗಳಲ್ಲಿ ಕೊಮೀ, ಕೊಮೀಸ್ತೆ, ಕೊಮ್ಯೋ, ಕೊಮೀಮೊಸ್, ಕೊಮೀಸ್ತೆಯ್ಸ್, ಕೊಮ್ಯೇರೊನ್ ಎಂಬ ಕ್ರಮ. ನಡೆಯುತ್ತಿದ್ದುದನ್ನು ಒಳಗಿನಿಂದ ತೋರಿಸುವ ಅಸಮಾಪ್ತ ಭೂತ ಇನ್ನೊಂದು: ಅಬ್ಲಾಬ, ಅಬ್ಲಾಬಸ್, ಅಬ್ಲಾಬ, ಅಬ್ಲಾಬಮೊಸ್, ಅಬ್ಲಾಬಯ್ಸ್, ಅಬ್ಲಾಬನ್, ಉಳಿದ ಗಣಗಳಲ್ಲಿ ಕೊಮೀಯ, ಕೊಮೀಯಸ್ ಇತ್ಯಾದಿ. ಈ ಎರಡನೆಯ ಕಾಲದಲ್ಲಿ ಇಡೀ ಭಾಷೆಯಲ್ಲಿ ಅನಿಯತವಾದ ಮೂಲ ಧಾತುಗಳು ಮೂರೇ: ‘ಸೇರ್’ (ಆಗಿರು), ‘ಈರ್’ (ಹೋಗು), ‘ಬೇರ್’ (ನೋಡು).

ದೀರ್ಘಕಾಲ ನಡೆದ ಕ್ರಿಯೆಗೆ ಅಸಮಾಪ್ತ, ಕ್ಷಣಿಕ ಕ್ರಿಯೆಗೆ ಸಮಾಪ್ತ ಎಂದು ಕೆಲವೆಡೆ ಹೇಳಿಕೊಡುವುದುಂಟು. ಈ ಸೂತ್ರ ಸರಿಯಲ್ಲ. ‘ಎರಡು ಗಂಟೆ ಮಾತಾಡಿದನು’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಅಬ್ಲೋ ದೋಸ್ ಓರಸ್’ ಎಂದು ಸಮಾಪ್ತ ಭೂತವೇ ಬರಬೇಕು. ಎರಡು ಗಂಟೆಯಲ್ಲ, ಮೂವತ್ತು ವರ್ಷವಾದರೂ ಅಷ್ಟೆ. ಕಾಲದ ಉದ್ದವಲ್ಲ, ಕ್ರಿಯೆಗೆ ಎಲ್ಲೆ ಕಾಣಿಸುತ್ತದೆಯೇ ಇಲ್ಲವೇ ಎಂಬುದು ಇಲ್ಲಿ ನಿರ್ಣಾಯಕ. ‘ಕ್ವಾಂದೊ ಸುಬೀಯ, ಅಬ್ಲೋ’ ಎಂದರೆ ‘ಏರುತ್ತಿದ್ದಾಗ ಮಾತಾಡಿದನು’. ಏರುವಿಕೆ ಹಿನ್ನೆಲೆ, ಮಾತು ಘಟನೆ.

ವೆನಿಜುವೆಲದ ಕರಾಕಸ್ ನಗರದಲ್ಲಿ ೧೭೮೧ರಲ್ಲಿ ಹುಟ್ಟಿ ಚಿಲಿ ದೇಶದಲ್ಲಿ ನೆಲಸಿದ ಆಂದ್ರೇಸ್ ಬೇಯೊ ಎಂಬ ವಿದ್ವಾಂಸನು ೧೮೪೭ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಅಸಮಾಪ್ತ ಭೂತಕ್ಕೆ ‘ಕೊಪ್ರೆತೇರಿತೊ’ ಎಂಬ ಹೆಸರಿಟ್ಟನು. ಇನ್ನೊಂದು ಭೂತದೊಡನೆ ಇರುವ ಭೂತ, ಅಂದರೆ ‘ಸಹಭೂತ’ ಎಂದು ಇದನ್ನು ಕನ್ನಡಿಸಬಹುದು. ಒಂದು ಕಾಲವನ್ನು ಇನ್ನೊಂದರ ಸಂಬಂಧದಿಂದ ಗುರುತಿಸುವ ಈ ಹೆಸರು ವಿದ್ಯಾರ್ಥಿಗೆ ಉದ್ದದ ಸೂತ್ರಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಇಂಗ್ಲಿಷಿನ ಸರಳ ಭೂತವು ಎರಡೂ ಅರ್ಥಗಳನ್ನು ಒಂದೇ ರೂಪದಲ್ಲಿ ಹೇಳಬಲ್ಲದು. ಕನ್ನಡದಲ್ಲಾದರೋ ‘ಉಂಡನು’, ‘ಉಣ್ಣುತ್ತಿದ್ದನು’ ಎಂಬ ಭೇದ ಸ್ಪಷ್ಟವಾಗಿದೆ. ‘ಚಿಕ್ಕಂದಿನಲ್ಲಿ ದಿನವೂ ಬೆಟ್ಟ ಏರುತ್ತಿದ್ದೆ’ ಎಂಬಲ್ಲಿಯ ರೂಢಿಯ ಅರ್ಥವೂ ‘ಸುಬೀಯ’ ಎಂಬುದಕ್ಕೆ ಸರಿಹೊಂದುತ್ತದೆ. ಆದರೆ ‘ಉತ್ತಿದ್ದ’ ಎಂಬುದನ್ನಷ್ಟೇ ನಂಬಿದರೆ ಸಾಲದು. ಸ್ಥಿತಿಯನ್ನು ಹೇಳುವಾಗ ಕನ್ನಡವು ‘ಇತ್ತು’ ಎನ್ನುತ್ತದೆ. ಸ್ಥಿತಿ ಬದಲಾದುದನ್ನು ಹೇಳುವಾಗ ‘ಆಯಿತು’, ‘ಬಂತು’, ‘ಬಿತ್ತು’ ಎನ್ನುತ್ತದೆ. ಈ ಜೋಡಿಯೇ ಇಲ್ಲಿ ಒಳ್ಳೆಯ ಒರೆಗಲ್ಲು. ‘ಕೊನೊಸೇರ್’ ಧಾತು ವರ್ತಮಾನದಲ್ಲಿ ಅನಿಯತವಾದರೂ ಭೂತದಲ್ಲಿ ನಿಯತ. ಅದರ ‘ಕೊನೊಸೀಯ’ ಎಂದರೆ ‘ಪರಿಚಯವಿತ್ತು’. ‘ಕೊನೊಸೀ’ ಎಂದರೆ ‘ನನಗೆ ಪರಿಚಯವಾಯಿತು’. ಹಾಗೆಯೇ ‘ಕೊಸ್ತಾಬ ದ್ಯೇಸ್ ಪೇಸೊಸ್’ ಎಂದರೆ ‘ಬೆಲೆ ಹತ್ತು ಪೇಸೊ ಇತ್ತು’. ಕೊಂಡನೋ ಬಿಟ್ಟನೋ ತಿಳಿಯದು. ‘ಕೊಸ್ತೋ ದ್ಯೇಸ್ ಪೇಸೊಸ್’ ಎಂದರೆ ‘ಹತ್ತು ಪೇಸೊ ಬಿತ್ತು’; ವ್ಯಾಪಾರ ಮುಗಿದಿದೆ. ಈ ಅಂತರವನ್ನು ಕನ್ನಡವು ಬೇರೆ ಪದಗಳಿಂದ ಸಾಧಿಸಿದರೆ ಸ್ಪ್ಯಾನಿಷ್ ಒಂದೇ ಧಾತುವಿನ ಎರಡು ಕಾಲಗಳಿಂದ ಸಾಧಿಸುತ್ತದೆ.

ನಿಷೇಧದಲ್ಲಿ ಮಾತ್ರ ಕನ್ನಡದ ಅಭ್ಯಾಸ ನೆರವಾಗದು. ‘ಮಾತಾಡಲಿಲ್ಲ’ ಎಂಬಲ್ಲಿ ಪುರುಷಪ್ರತ್ಯಯವೇ ಲೋಪವಾಗುತ್ತದೆ. ಸ್ಪ್ಯಾನಿಷಿನಲ್ಲಿ ‘ನೋ’ ಎಂಬ ಅವ್ಯಯವನ್ನು ಕ್ರಿಯಾಪದದ ಹಿಂದೆ ಸೇರಿಸಿದರಾಯಿತು, ರೂಪ ಕದಲುವುದಿಲ್ಲ.

೩. ಭವಿಷ್ಯತ್ತಿನ ಹುಟ್ಟು

ಲ್ಯಾಟಿನ್ನಿನ ಭವಿಷ್ಯದ್ರೂಪಗಳು ಸ್ಪ್ಯಾನಿಷಿಗೆ ಇಳಿದುಬರಲಿಲ್ಲ. ಅವುಗಳ ಬದಲಿಗೆ ತುಮುನ್ನಂತ ರೂಪದ ಮುಂದೆ ‘ಅಬೇರ್’ (ಹೊಂದಿರು) ಎಂಬ ಧಾತುವಿನ ವರ್ತಮಾನ ರೂಪಗಳು ಸೇರಿಕೊಂಡವು. ಅಬ್ಲಾರ್ + ಏ = ಅಬ್ಲರೇ; ಅಬ್ಲಾರ್ + ಆಸ್ = ಅಬ್ಲರಾಸ್; ಮುಂದೆ ಅಬ್ಲರಾ, ಅಬ್ಲರೇಮೊಸ್, ಅಬ್ಲರೇಯ್ಸ್, ಅಬ್ಲರಾನ್. ಮೂರು ಗಣಗಳಿಗೂ ಪ್ರತ್ಯಯಗಳು ಇವೇ: ಕೊಮೆರೇ, ಸುಬಿರೇ. ಆಂತೋನಿಯೊ ದೆ ನೆಬ್ರೀಹ ಎಂಬ ವಿದ್ವಾಂಸನು ೧೪೯೨ರಲ್ಲಿ ಸಲಮಾಂಕದಲ್ಲಿ ಅಚ್ಚುಹಾಕಿಸಿದ ಕಸ್ತೀಲಿಯನ್ ವ್ಯಾಕರಣದಲ್ಲಿಯೇ ಈ ಸಂಯೋಗವನ್ನು ಗುರುತಿಸಿದ್ದನು. ಮಧ್ಯಯುಗದ ಬರೆಹಗಳಲ್ಲಿ ಈ ಎರಡು ಅಂಗಗಳ ನಡುವೆ ಸರ್ವನಾಮವೊಂದು ಬಂದು ನಿಲ್ಲುವುದೂ ಉಂಟು. ಬೆಸುಗೆ ಆಗಿನ್ನೂ ಬಿಗಿಯಾಗಿರಲಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಕನ್ನಡದ ‘ಮಾತಾಡಲಿದ್ದೇನೆ’ ಎಂಬ ರೂಪವನ್ನು ಇದರೊಡನೆ ಹೋಲಿಸಬಹುದು. ‘ಮಾತಾಡಲ್’ ಎಂಬ ತುಮುನ್ನಂತ, ‘ಇದ್ದೇನೆ’ ಎಂಬ ಸಹಾಯಕ ಕ್ರಿಯೆ. ಎರಡೂ ಕೂಡಿ ಭವಿಷ್ಯದರ್ಥ. ಯಾವ ಸಂಬಂಧವೂ ಇಲ್ಲದ ಎರಡು ಭಾಷೆಗಳು ಒಂದೇ ದಾರಿಯನ್ನು ತುಳಿದಿರುವುದು ಗಮನಾರ್ಹ. ಈ ಸಂಗತಿಯನ್ನು ತಿಳಿದ ವಿದ್ಯಾರ್ಥಿ ಭವಿಷ್ಯತ್ತಿನ ಪ್ರತ್ಯಯಗಳನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ.

ತುಮುನ್ನಂತಕ್ಕೆ ಅದೇ ಸಹಾಯಕ ಧಾತುವಿನ ಭೂತರೂಪ ಸಂಕುಚಿತವಾಗಿ ಸೇರಿದಾಗ ‘ಅಬ್ಲರೀಯ’ ಎಂಬ ಐದನೆಯ ಕಾಲ ಸಿದ್ಧವಾಗುತ್ತದೆ. ಬೇಯೊ ಇದನ್ನು ‘ಪೊಸ್ಪ್ರೆತೇರಿತೊ’ ಎಂದನು. ಭೂತದಲ್ಲಿ ನಿಂತು ನೋಡಿದ ಮುಂದು ಎಂದರ್ಥ. ‘ಪ್ರೊಮೆತ್ಯೋ ಕೆ ಅಬ್ಲರೀಯ’ ಎಂಬುದನ್ನು ನಾವು ‘ಮಾತಾಡುತ್ತೇನೆಂದು ಮಾತು ಕೊಟ್ಟನು’ ಎನ್ನುತ್ತೇವೆ. ಆಡಿದವನ ಮಾತನ್ನು ‘ಎಂದು’ ಎಂಬುದರ ಹಿಂದೆ ಹಾಗೆಯೇ ಇಡುವ ಕನ್ನಡಕ್ಕೆ ಇಂಥ ಕಾಲ ಬೇಕಾಗಿಲ್ಲ. ಆದಕಾರಣವೇ ನಮ್ಮ ವಿದ್ಯಾರ್ಥಿಗಳು ಈ ಸ್ಥಾನದಲ್ಲಿ ‘ಅಬ್ಲರಾ’ ಎಂದು ಬರೆಯುವ ಸಂಭವ ಹೆಚ್ಚು.

೪. ಸ್ವರದ ವ್ಯತ್ಯಾಸ, ಬಲದ ವ್ಯತ್ಯಾಸ

ಸಂಭಾವನಾರ್ಥದ ವರ್ತಮಾನದಲ್ಲಿ ಗಣಸ್ವರಗಳು ಸ್ಥಾನ ಬದಲಾಯಿಸಿಕೊಳ್ಳುತ್ತವೆ. ಮೊದಲನೆಯ ಗಣಕ್ಕೆ ಎಕಾರ, ಉಳಿದವಕ್ಕೆ ಅಕಾರ: ಆಬ್ಲೆ, ಕೋಮ, ಸೂಬ. ‘ಕ್ಯೇರೊ ಕೆ ಆಬ್ಲೆ’ ಎಂದರೆ ‘ಅವನು ಮಾತಾಡಲಿ ಎಂದು ಬಯಸುತ್ತೇನೆ’. ಇದರ ಭೂತರೂಪ ಸಮಾಪ್ತ ಭೂತದ ಬಹುವಚನದಿಂದ ಸಿದ್ಧಿಸುತ್ತದೆ: ಅಬ್ಲಾರೊನ್ ಎಂಬುದರಿಂದ ಅಬ್ಲಾರ, ಕೊಮ್ಯೇರೊನ್ ಎಂಬುದರಿಂದ ಕೊಮ್ಯೇರ.

ಇಲ್ಲಿಗೆ ಬಂದಾಗ ಬಲಾಘಾತದ ಮಹತ್ವ ಪೂರ್ಣವಾಗಿ ತಿಳಿಯುತ್ತದೆ. ‘ಆಬ್ಲೊ’ ಎಂದರೆ ‘ಮಾತಾಡುತ್ತೇನೆ’, ‘ಅಬ್ಲೋ’ ಎಂದರೆ ‘ಮಾತಾಡಿದನು’. ‘ಆಬ್ಲೆ’ ಎಂದರೆ ‘ಮಾತಾಡಲಿ’, ‘ಅಬ್ಲೇ’ ಎಂದರೆ ‘ಮಾತಾಡಿದೆನು’. ‘ಅಬ್ಲಾರ’ ಎಂಬುದು ಸಂಭಾವನೆ, ‘ಅಬ್ಲರಾ’ ಎಂಬುದು ಭವಿಷ್ಯತ್ತು. ಈ ಜೋಡಿಗಳಲ್ಲಿ ರೋಮನ್ ಅಕ್ಷರಗಳೆಲ್ಲ ಒಂದೇ. ಕಣ್ಣಿಗೆ ಕಾಣುವ ಭೇದ ಕೊನೆಯ ಸ್ವರದ ಮೇಲಿನ ಒಂದು ಸಣ್ಣ ಗೆರೆ. ಅದನ್ನು ಅಲಂಕಾರವೆಂದು ಬಿಟ್ಟವನು ಪುರುಷವನ್ನೂ ಕಾಲವನ್ನೂ ಒಮ್ಮೆಗೇ ಕಳೆದುಕೊಳ್ಳುತ್ತಾನೆ.

ಇದಕ್ಕೆ ವಿರುದ್ಧವಾಗಿ, ಕಣ್ಣಿಗೆ ಅನಿಯತವಾಗಿ ತೋರಿ ಕಿವಿಗೆ ನಿಯತವಾದ ರೂಪಗಳೂ ಇವೆ. ‘ತೊಕಾರ್’ (ಮುಟ್ಟು) ಧಾತುವಿನ ‘ತೊಕೇ’ ಎಂಬ ರೂಪ ಕನ್ನಡ ಲಿಪಿಯಲ್ಲಿ ಯಾವ ವಿಕಾರವನ್ನೂ ತೋರುವುದಿಲ್ಲ. ಎಕಾರದ ಹಿಂದೆ ಸಿ ಅಕ್ಷರವು ಸಕಾರವಾಗಿಬಿಡುವುದರಿಂದ, ರೋಮನ್ ಲಿಪಿಯಲ್ಲಿ ಅದರ ಬದಲು ಕ್ಯೂ, ಯು ಎಂಬ ಎರಡು ಅಕ್ಷರಗಳನ್ನು ಬರೆಯುತ್ತಾರೆ. ಇದು ಲಿಪಿಯ ನಿಯಮವೇ ಹೊರತು ಧಾತುವಿನ ವಿಕಾರವಲ್ಲ.

೫. ಉಪಸಂಹಾರ

ಮೇಲಿನ ವಿವೇಚನೆಯಿಂದ ಬೋಧನಕ್ರಮಕ್ಕೆ ಸಂಬಂಧಿಸಿದ ಕೆಲವು ಅಂಶಗಳು ಹೊರಡುತ್ತವೆ. ಪಟ್ಟಿಯನ್ನು ಒಪ್ಪಿಸುವ ಮೊದಲು ವಿದ್ಯಾರ್ಥಿ ಪ್ರತಿ ರೂಪವನ್ನೂ ನಾಲ್ಕು ಅಂಗಗಳಾಗಿ ಬಿಡಿಸಲು ಯತ್ನಿಸಬೇಕು. ಸಮಾಪ್ತ ಭೂತದಲ್ಲಿ ಅಂಗಗಳು ಬೆರೆತು ಬಿಡಿಸಲಾಗದೆ ಇರುವ ಕಡೆಗಳಷ್ಟನ್ನೇ ಬಾಯಿಪಾಠ ಮಾಡಬೇಕು. ಎರಡು ಭೂತಗಳನ್ನು ಬಿಡಿಪದಗಳಲ್ಲಿ ಕಲಿಸದೆ, ಎರಡೂ ಕೂಡಿಬರುವ ವಾಕ್ಯಗಳಲ್ಲಿಯೇ ಕಲಿಸಬೇಕು; ‘ಇತ್ತು’, ‘ಆಯಿತು’ ಎಂಬ ಒರೆಗಲ್ಲನ್ನು ವಿದ್ಯಾರ್ಥಿಯ ಕೈಗೆ ಕೊಡಬೇಕು. ಬಲಾಘಾತವನ್ನು ಮೊದಲ ದಿನದಿಂದಲೇ ಗಟ್ಟಿಯಾಗಿ ಓದಿಸಿ ಅಭ್ಯಾಸ ಮಾಡಿಸಬೇಕು. ಸ್ಪ್ಯಾನಿಷಿನ ಕಥೆ ಕಾದಂಬರಿಗಳು ಇಂಗ್ಲಿಷಿನ ಹಂಗಿಲ್ಲದೆ ನೇರವಾಗಿ ಕನ್ನಡಕ್ಕೆ ಬರಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ‘ಇತ್ತು’ ಎನ್ನಬೇಕಾದಲ್ಲಿ ‘ಆಯಿತು’ ಎಂದು ಬರೆಯುವ ಅನುವಾದಕನು ಕಥೆಯ ಹಿನ್ನೆಲೆಯನ್ನು ಘಟನೆಯನ್ನಾಗಿ ಮಾಡಿಬಿಡುತ್ತಾನೆ. ಆದುದರಿಂದ ಅಂಥ ಅನುವಾದಕ್ಕೆ ಸಿದ್ಧತೆ ಮೊದಲ ವರ್ಷದ ಕ್ರಿಯಾಪದದ ಪಾಠದಲ್ಲಿಯೇ ಆಗಬೇಕೆಂದು ನಮ್ಮ ಅಭಿಪ್ರಾಯ.